ದಣಿವಾರುವ ಬಗೆ

ಕನ್ನಡದ 'ಆರು' ಎಂಬ ಕ್ರಿಯಾಪದದ ಬಳಕೆ ಬಹು ಸ್ವಾರಸ್ಯವಾದುದು. ಕಾಯಿಸಿದ ಹಾಲು ಆರುತ್ತದೆ, ಒಗೆದು ಹರವಿದ ಸೀರೆ ಆರುತ್ತದೆ, ಗಾಯ ಆರುತ್ತದೆ, ದಣಿವು ಆರುತ್ತದೆ, ಎಣ್ಣೆ ತೀರಿದ ದೀಪವೂ ಆರುತ್ತದೆ. ಸುಡು ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಕೆಡುವುದೆಂದು ಮನೆಯ ಗೃಹಿಣಿ ಬಲ್ಲಳು. ಹಸಿ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಸೇರಿಸಿದರೆ ಮುಗ್ಗಲು ಹಿಡಿಯುವುದೆಂದೂ ಬಲ್ಲಳು. ಆರದ ಗಾಯವನ್ನು ಕೆರೆಯಬಾರದೆಂದು ಮಗುವಿಗೆ ಹೇಳದ ತಾಯಿಯಿಲ್ಲ. ದಣಿವಿನ ವಿಷಯದಲ್ಲಿ ಮಾತ್ರ ಮನುಷ್ಯನು ಈ ಸರಳ ವಿವೇಕವನ್ನು ಮರೆಯುತ್ತಾನೆ. ಇಪ್ಪತ್ತರ ಹರೆಯದವನು ಮರೆತರೆ ದೊಡ್ಡ ನಷ್ಟವಿಲ್ಲ. ಆತನ ದಣಿವು ಚೈತ್ರದ ಬಿಸಿಲಿನಲ್ಲಿ ಹರವಿದ ಬಟ್ಟೆಯಂತೆ ಕ್ಷಣಮಾತ್ರದಲ್ಲಿ ಗರಿಗರಿಯಾಗುತ್ತದೆ. ಐವತ್ತು ದಾಟಿದವನ ದಣಿವಾದರೋ ಆಷಾಢದ ಜಡಿಮಳೆಯಲ್ಲಿ ಪಡಸಾಲೆಯ ಹಗ್ಗಕ್ಕೆ ತೂಗಿದ ಪಂಚೆಯಂತೆ. ಮುಟ್ಟಿ ನೋಡಿದಾಗ ಆರಿದಂತೆಯೇ ಕಾಣುತ್ತದೆ. ಉಟ್ಟಮೇಲೆ ಅಂಚು ಇನ್ನೂ ಹಸಿಯೆಂದು ತಿಳಿಯುತ್ತದೆ.

ಓಟವೀಗ ಹುಡುಗರ ಸೊತ್ತಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ ೨೦೦೮ರಲ್ಲಿ ಹತ್ತು ಕಿಲೋಮೀಟರಿನ ದೊಡ್ಡ ಸಾರ್ವಜನಿಕ ಓಟ ಆರಂಭವಾಯಿತು. ನರೆಗೂದಲಿನವರು ಎದೆಗೆ ಅಂಕಿಯ ಚೀಟಿಯನ್ನು ಚುಚ್ಚಿಕೊಂಡು, ನಸುಕಿನ ಚಳಿಯಲ್ಲಿ ಮೊಮ್ಮಕ್ಕಳ ವಯಸ್ಸಿನವರೊಡನೆ ಸಾಲಿನಲ್ಲಿ ನಿಲ್ಲುವುದು ಇಂದು ಯಾರಿಗೂ ಸೋಜಿಗವಲ್ಲ. ಸಂತೋಷಪಡಬೇಕಾದ ಸಂಗತಿಯೇ ಸರಿ. ಆದರೆ ಒಂದು ಪದಕ ಗೋಡೆಯನ್ನೇರಿದ ಕೂಡಲೇ ಮತ್ತೊಂದಕ್ಕೆ ಮೊಳೆ ಹೊಡೆಯುವ ಆಸೆ ಹುಟ್ಟುತ್ತದೆ. ಈ ಭಾನುವಾರ ಒಂದೂರು, ಬರುವ ಭಾನುವಾರ ಮತ್ತೊಂದೂರು. ನಡುವಣ ಸೋಮವಾರದಂದು ಕಚೇರಿಯ ಮೆಟ್ಟಿಲನ್ನು ಕಟಕಟೆ ಹಿಡಿದು ಇಳಿಯಬೇಕಾಗುತ್ತದೆ. ಮನೆಯಲ್ಲಿ ವೃದ್ಧ ತಾಯಿಯ ಔಷಧ, ಮಗಳ ಪರೀಕ್ಷೆ, ನೆಂಟರ ಮದುವೆ ಇವೆಲ್ಲ ಓಟಗಾರನ ಬಿಡುವನ್ನು ಕೇಳಿಕೊಂಡು ಬರುವುದಿಲ್ಲ. ಪಂದ್ಯ, ವಿಶ್ರಾಂತಿ, ಸಂಸಾರ ಎಂಬ ಈ ಮೂರು ಸಾಲಗಾರರಿಗೂ ಒಂದೇ ಮೈಯಿಂದ ಸಲ್ಲಿಸುವುದು ಹೇಗೆ? ಪ್ರಶ್ನೆ ಹೊಸದೆಂದು ತೋರಬಹುದು. ಆದರೆ ನೂರು ವರ್ಷಗಳ ಹಿಂದೆಯೇ ಅಚ್ಚುಕೂಟದ ಕೆಲಸಗಾರನೊಬ್ಬನು ಇದನ್ನು ತನ್ನ ಬಾಳಿನಲ್ಲಿ ಎದುರಿಸಿದನು.

ಆತನ ಹೆಸರು ಕ್ಲಾರೆನ್ಸ್ ಡಿಮಾರ್. ೧೮೮೮ರಲ್ಲಿ ಅಮೆರಿಕದ ಒಹಾಯೋ ಸಂಸ್ಥಾನದಲ್ಲಿ ಜನನ. ಎಳವೆಯಲ್ಲಿಯೇ ತಂದೆಯ ವಿಯೋಗ. ಬಡತನದ ಸಂಸಾರ ಮ್ಯಾಸಚೂಸೆಟ್ಸ್ ಸಂಸ್ಥಾನಕ್ಕೆ ಬಂದಿತು. ಬಾಸ್ಟನ್ ಬಂದರಿನ ದ್ವೀಪವೊಂದರಲ್ಲಿ ಬಡ ಹುಡುಗರಿಗೆ ಬೇಸಾಯವನ್ನೂ ಕೈಕಸಬನ್ನೂ ಕಲಿಸುವ ಶಾಲೆಯಿದ್ದಿತು. ತಾಯಿ ಮಗನನ್ನು ಅಲ್ಲಿ ಬಿಟ್ಟಳು. ಮುಂದೆ ವರ್ಮಾಂಟ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಡಿಮಾರನಿಗೆ ದೂರದ ಓಟದ ರುಚಿ ಹತ್ತಿತು. ಆದರೆ ತಾಯಿಯನ್ನು ಸಾಕುವ ಹೊಣೆ ವಿದ್ಯೆಗಿಂತ ದೊಡ್ಡದಾಗಿ ಕಂಡಿದ್ದರಿಂದ ಓದನ್ನು ನಡುವೆಯೇ ಬಿಟ್ಟು ಆತನು ಅಚ್ಚುಕೂಟಕ್ಕೆ ಸೇರಿದನು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾಡಬೇಕಾದ ಕೆಲಸವದು. ಓಟಗಾರನ ಕಾಲಿಗೆ ಅದಕ್ಕಿಂತ ಹಿತವಲ್ಲದ ಉದ್ಯೋಗ ದೊರೆಯುವುದು ಕಷ್ಟ.

ಬಾಸ್ಟನ್ನಿನಲ್ಲಿ ೧೮೯೭ರಿಂದ ಪ್ರತಿವರ್ಷವೂ ಏಪ್ರಿಲ್ ತಿಂಗಳಿನಲ್ಲಿ ಮ್ಯಾರಥಾನ್ ಓಟ ನಡೆಯುತ್ತ ಬಂದಿದ್ದಿತು. ಇಂದಿನ ಮ್ಯಾರಥಾನ್ ಎಂದರೆ ೪೨.೧೯೫ ಕಿಲೋಮೀಟರು, ಎಂದರೆ ಇಪ್ಪತ್ತಾರು ಮೈಲಿಗೂ ಸ್ವಲ್ಪ ಹೆಚ್ಚು. ಆ ದಿನಗಳಲ್ಲಿ ಬಾಸ್ಟನ್ನಿನ ಹಾದಿ ಅದಕ್ಕಿಂತ ಒಂದೂವರೆ ಮೈಲಿಯಷ್ಟು ಕಡಮೆಯಾಗಿದ್ದಿತು. ಡಿಮಾರ್ ೧೯೧೦ರಲ್ಲಿ ಮೊದಲ ಬಾರಿಗೆ ಅಲ್ಲಿ ಓಡಿ ಎರಡನೆಯವನಾದನು. ಮರುವರ್ಷ ಪಂದ್ಯಕ್ಕೆ ಮುನ್ನ ಓಟಗಾರರನ್ನು ಪರೀಕ್ಷಿಸುತ್ತಿದ್ದ ವೈದ್ಯನು ಆತನ ಎದೆಗೆ ಕಿವಿಗೊಟ್ಟು, ಹೃದಯದಲ್ಲಿ ಏನೋ ಮರ್ಮರ ಕೇಳಿಸುತ್ತಿದೆಯೆಂದೂ, ಓಟವನ್ನು ಬೇಗನೆ ಬಿಡುವುದು ಒಳಿತೆಂದೂ ಎಚ್ಚರಿಸಿದನು. ಡಿಮಾರ್ ಅಂದು ಓಡಿಯೇ ಓಡಿದನು. ೨ ಗಂಟೆ ೨೧ ನಿಮಿಷ ೩೯ ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಹೊಸ ದಾಖಲೆಯೊಡನೆ ಗೆದ್ದನು.

ಗೆದ್ದವನ ಕಿವಿಯಲ್ಲಿ ಜಯಘೋಷಕ್ಕಿಂತ ವೈದ್ಯನ ಮಾತೇ ಹೆಚ್ಚುಕಾಲ ಉಳಿಯಿತು. ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಆತನು ಹನ್ನೆರಡನೆಯವನಾದನು. ಅಲ್ಲಿಯ ತರಬೇತುದಾರರ ಕಟ್ಟುಪಾಡು ಆತನಿಗೆ ಹಿಡಿಸಲಿಲ್ಲ. ಹಿಂದಿರುಗಿದ ಮೇಲೆ ಐದು ವರ್ಷ ಆತನು ಬಾಸ್ಟನ್ ಓಟದತ್ತ ಸುಳಿಯಲಿಲ್ಲ. ಹೃದಯದ ಭಯವೊಂದೇ ಅದಕ್ಕೆ ಕಾರಣವಲ್ಲ. ಡಿಮಾರ್ ದೈವಭಕ್ತ, ಭಾನುವಾರದ ಶಾಲೆಯಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದವನು. ಒಬ್ಬನನ್ನು ಹಿಂದಿಕ್ಕಿ ತಾನು ಮುಂದಾಗುವ ಈ ಹಂಬಲ ಅಹಂಕಾರವಲ್ಲವೇ ಎಂಬ ಸಂಶಯ ಆತನನ್ನು ಕಾಡಿತು. ಜತೆಗೆ ದುಡಿಮೆ, ಸಂಜೆಯ ವ್ಯಾಸಂಗ, ತಾಯಿಯ ಹೊಣೆ. ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟರವರೆಗಿನ ಅತಿ ಬಲವತ್ತರವಾದ ವರ್ಷಗಳು ಹೀಗೆ ಕಳೆದುಹೋದುವು. ಓಟದ ಇತಿಹಾಸವನ್ನು ಬರೆಯುವವರು ಇದನ್ನು ನಷ್ಟವೆಂದೇ ಲೆಕ್ಕ ಹಾಕುತ್ತಾರೆ. ಆದರೆ ತಾನು ಏತಕ್ಕಾಗಿ ಓಡುತ್ತಿದ್ದೇನೆಂದು ಒಮ್ಮೆಯಾದರೂ ನಿಂತು ಕೇಳಿಕೊಂಡವನೇ ಮುಂದೆ ನಲವತ್ತು ವರ್ಷ ಓಡಲು ಶಕ್ತನಾದನೆಂಬುದನ್ನು ಮರೆಯಬಾರದು.

ಡಿಮಾರ್ ೧೯೧೭ರಲ್ಲಿ ಮತ್ತೆ ಬಂದು ಮೂರನೆಯವನಾದನು. ಬಳಿಕ ಯುದ್ಧದ ದಿನಗಳ ಸೈನ್ಯಸೇವೆ. ಕೊನೆಗೆ ೧೯೨೨ರಲ್ಲಿ, ಮೊದಲ ಜಯದಿಂದ ಹನ್ನೊಂದು ವರ್ಷಗಳಾದ ಮೇಲೆ, ಬಾಸ್ಟನ್ನಿನಲ್ಲಿ ಎರಡನೆಯ ಬಾರಿ ಗೆದ್ದನು. ೧೯೨೩, ೧೯೨೪, ೧೯೨೭, ೧೯೨೮ - ಜಯದ ಮೇಲೆ ಜಯ. ೧೯೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ. ೧೯೩೦ರಲ್ಲಿ ಏಳನೆಯ ಬಾರಿ ಗೆದ್ದಾಗ ಆತನಿಗೆ ನಲವತ್ತೊಂದು ವರ್ಷ ತುಂಬಿ ಹತ್ತು ತಿಂಗಳಾಗಿದ್ದಿತು. ಆ ಓಟವನ್ನು ಗೆದ್ದ ಪುರುಷರಲ್ಲಿ ಅಷ್ಟು ವಯಸ್ಸಾದವರು ಅವನ ಹಿಂದೆ ಇರಲಿಲ್ಲ. ಪತ್ರಿಕೆಗಳು ಆತನ ಹೆಸರನ್ನೂ ಓಟದ ಹೆಸರನ್ನೂ ಬೆಸೆದು 'ಡಿಮ್ಯಾರಥಾನ್' ಎಂದು ಕರೆದುವು.

ಈ ಜಯಗಳಿಗಿಂತಲೂ ಆತನ ದಿನಚರಿ ಹೆಚ್ಚು ಬೋಧಪ್ರದವಾದುದು. ಡಿಮಾರ್ ಓಟಕ್ಕೆಂದು ಬೇರೆಯಾಗಿ ಹೊತ್ತನ್ನು ತೆಗೆದಿಡಲಿಲ್ಲ. ತೆಗೆದಿಡುವಷ್ಟು ಹೊತ್ತು ಆತನ ಬಳಿ ಇರಲೂ ಇಲ್ಲ. ಮನೆ ಬಾಸ್ಟನ್ನಿನ ಹೊರವಲಯದ ಮೆಲ್‌ರೋಸ್‌ನಲ್ಲಿ, ಕೆಲಸ ನಗರದಲ್ಲಿ, ನಡುವೆ ಏಳು ಮೈಲಿಯ ಹಾದಿ. ಇತರರು ರೈಲು ಹಿಡಿಯುತ್ತಿದ್ದರು. ಆತನು ಒಣ ಅಂಗಿಯೊಂದನ್ನು ಜತೆಗಿಟ್ಟುಕೊಂಡು ಓಡುತ್ತಿದ್ದನು. ಸಂಜೆ ಅದೇ ಹಾದಿಯಲ್ಲಿ ಮತ್ತೆ ಮನೆಗೆ. ಸಂಸಾರದಿಂದ ಕದ್ದ ಹೊತ್ತಲ್ಲ ಅದು. ರೈಲಿನ ಬಾಕಿನ ಮೇಲೆ ಹೇಗೂ ವ್ಯರ್ಥವಾಗುತ್ತಿದ್ದ ಹೊತ್ತು. ಅಂಥ ದಿನಗಳ ಓಟದಲ್ಲಿ ಆತುರವಿರಲಿಲ್ಲ. ಕಚೇರಿಗೆ ಹೋಗುವವನು ಏದುಸಿರು ಬಿಡುತ್ತ ಹೋದರೆ ಮೊಳೆ ಜೋಡಿಸುವ ಕೈ ನಡುಗೀತು. ರಭಸವೆಲ್ಲ ಶನಿವಾರದ ಪಂದ್ಯಗಳಿಗೆ ಮೀಸಲು. ಸುತ್ತಮುತ್ತಣ ಊರುಗಳಲ್ಲಿ ಐದು ಮೈಲಿ, ಹತ್ತು ಮೈಲಿಯ ಓಟಗಳು ಪದೇ ಪದೇ ನಡೆಯುತ್ತಿದ್ದುವು. ಡಿಮಾರ್ ಅವುಗಳಲ್ಲಿ ಓಡಿ, ಗೆದ್ದ ಗಡಿಯಾರವನ್ನೋ ಬಟ್ಟಲನ್ನೋ ಹಿಡಿದು ಹಿಂದಿರುಗುತ್ತಿದ್ದನು. ಬಾಳಿನುದ್ದಕ್ಕೂ ಆತನು ಓಡಿದ ಪಂದ್ಯಗಳು ನೂರಾರು. ಆದರೆ ಪ್ರತಿಯೊಂದನ್ನೂ ಪ್ರಾಣಪಣದ ಯುದ್ಧವೆಂದು ಭಾವಿಸಿದ್ದರೆ ಹತ್ತು ವರ್ಷವೂ ಬಾಳುತ್ತಿರಲಿಲ್ಲ.

ಅಚ್ಚುಕೂಟದ ಕೆಲಸ ಬಲ್ಲವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ. ಮೊಳೆ ಜೋಡಿಸಿ ಪುಟ ಕಟ್ಟಿ ಅಚ್ಚು ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಟ್ಟನ್ನು ಬಿಚ್ಚಿ, ಮಸಿ ತೊಳೆದು, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಿಂದಿರುಗಿಸಬೇಕು. ಇದು ಬೇಸರದ ಕೆಲಸ. ನೋಡುವವರ ಕಣ್ಣಿಗೆ ಬೀಳದ ಕೆಲಸ. ಇದನ್ನು ಮಾಡದೆ ಎರಡನೆಯ ಪುಟಕ್ಕೆ ಕೈಹಾಕಿದರೆ ನಡುವೆ ಅಕ್ಷರಗಳೇ ಸಾಲದೆ ಬರುತ್ತವೆ. ಪಂದ್ಯವು ಅಚ್ಚಾದ ಪುಟ. ವಿಶ್ರಾಂತಿಯು ಮೊಳೆಗಳನ್ನು ಖಾನೆಗೆ ತುಂಬುವ ಕೆಲಸ. ಅದೂ ಕೆಲಸವೇ ಹೊರತು ಸೋಮಾರಿತನವಲ್ಲ.

ಡಿಮಾರ್ ೧೯೨೯ರಲ್ಲಿ, ನಲವತ್ತನ್ನು ಮುಟ್ಟಿದ ಮೇಲೆ, ಮದುವೆಯಾದನು. ಐವರು ಮಕ್ಕಳಾದರು. ಆ ಸುಮಾರಿನಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಕೀನ್ ಎಂಬ ಊರಿನ ಉಪಾಧ್ಯಾಯರ ಶಾಲೆಯಲ್ಲಿ ಮುದ್ರಣಕಲೆಯ ಅಧ್ಯಾಪಕನಾಗಿದ್ದನು. ೧೯೩೭ರಲ್ಲಿ 'ಮ್ಯಾರಥಾನ್' ಎಂಬ ಹೆಸರಿನಲ್ಲಿ ತನ್ನ ಅನುಭವಗಳನ್ನು ಬರೆದನು. ಮುಂದೆ ಬಾಸ್ಟನ್ನಿಗೆ ಹಿಂದಿರುಗಿ ಮತ್ತೆ ಪತ್ರಿಕೆಯ ಅಚ್ಚುಕೂಟ. ಜಯಗಳು ೧೯೩೦ಕ್ಕೇ ಮುಗಿದಿದ್ದುವು, ಓಟ ಮುಗಿದಿರಲಿಲ್ಲ. ಮೊದಲನೆಯವನಾಗಿದ್ದವನು ಹತ್ತನೆಯವನಾದನು, ಇಪ್ಪತ್ತನೆಯವನಾದನು, ಐವತ್ತರ ಆಚೆಗೂ ಜಾರಿದನು. ಗೆದ್ದು ಬಲ್ಲವನಿಗೆ ಇದು ಸುಲಭದ ಮಾತಲ್ಲ. ಅನೇಕ ವೀರರು ಈ ಇಳಿಜಾರಿನಲ್ಲಿಯೇ ಮುಗ್ಗರಿಸುತ್ತಾರೆ. ಹಳೆಯ ಗಡಿಯಾರದೊಡನೆ ಜಗಳವಾಡಿ, ಕಾಲನ್ನು ಮುರಿದುಕೊಂಡು, ಒಂದು ದಿನ ಬೂಟನ್ನು ಅಟ್ಟಕ್ಕೆಸೆಯುತ್ತಾರೆ. ಡಿಮಾರ್ ಹಾಗೆ ಮಾಡಲಿಲ್ಲ. ೧೯೫೪ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ, ಕೊನೆಯ ಬಾರಿಗೆ ಬಾಸ್ಟನ್ನಿನ ಹಾದಿಯನ್ನು ಪೂರೈಸಿದನು. ೧೯೫೭ರಲ್ಲಿಯೂ ಚಿಕ್ಕ ಪಂದ್ಯದಲ್ಲಿ ಕಾಣಿಸಿಕೊಂಡನು. ೧೯೫೮ರ ಜೂನ್ ತಿಂಗಳಿನಲ್ಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡನು.

ಹಾಗಾದರೆ ಆ ಹೃದಯ? ೧೯೧೧ರಲ್ಲಿ ವೈದ್ಯನು ಅನುಮಾನಿಸಿದ ಹೃದಯ ನಲವತ್ತೇಳು ವರ್ಷ ದುಡಿದ ಮೇಲೆ ಪರೀಕ್ಷೆಗೆ ಒದಗಿತು. ಡಿಮಾರ್ ಬದುಕಿದ್ದಾಗಲೇ ಹಾರ್ವರ್ಡಿನ ಆಯಾಸ ಸಂಶೋಧನಾಲಯದವರು ಆತನನ್ನು ಯಂತ್ರದ ಪಟ್ಟಿಯ ಮೇಲೆ ಓಡಿಸಿ, ರಕ್ತವನ್ನು ಪರೀಕ್ಷಿಸಿದ್ದರು. ಇತರರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಬಿಡುವ ವೇಗದಲ್ಲಿ ಈತನಲ್ಲಿ ಅದು ಅಲ್ಪಸ್ವಲ್ಪವೇ ಏರುತ್ತಿದ್ದುದನ್ನು ಕಂಡಿದ್ದರು. ಮರಣಾನಂತರ ಜೇಮ್ಸ್ ಕರೆನ್ಸ್ ಮತ್ತು ಪಾಲ್ ಡಡ್ಲಿ ವೈಟ್ ಎಂಬ ವೈದ್ಯರು ಶವಪರೀಕ್ಷೆಯ ವಿವರಗಳನ್ನು ೧೯೬೧ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಡಾಕ್ಟರ್ ವೈಟರು ಸಾಮಾನ್ಯರಲ್ಲ. ೧೯೫೫ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ ಹೃದಯಾಘಾತವಾದಾಗ ಚಿಕಿತ್ಸೆಗೆ ಕರೆಸಿದ್ದುದು ಅವರನ್ನೇ. ಹೃದಯಕ್ಕೆ ರಕ್ತವನ್ನೊಯ್ಯುವ ಡಿಮಾರನ ಧಮನಿಗಳು ಸಾಮಾನ್ಯರವಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿದ್ದುವು. ವಯೋಸಹಜವಾದ ಕೊಬ್ಬು ಅವುಗಳ ಗೋಡೆಗೂ ಅಂಟಿದ್ದಿತು; ಆದರೆ ಹಾದಿಯೇ ವಿಶಾಲವಾಗಿದ್ದುದರಿಂದ ರಕ್ತದ ಸಂಚಾರಕ್ಕೆ ತೊಡಕಾಗಿರಲಿಲ್ಲ.

ಇದರಿಂದ ಓಟವೇ ಸಂಜೀವಿನಿಯೆಂದು ಡಂಗುರ ಸಾರುವುದು ಅವಿವೇಕ. ಆ ಧಮನಿಗಳನ್ನು ಓಟ ಹಿಗ್ಗಿಸಿತೋ, ಹುಟ್ಟಿನಿಂದಲೇ ಅಗಲವಾಗಿದ್ದುದರಿಂದ ಆತನು ಓಟಗಾರನಾದನೋ, ಒಬ್ಬನ ದೇಹದಿಂದ ತೀರ್ಮಾನಿಸಲಾಗದು. ದೀರ್ಘಕಾಲ ಕಠಿನ ವ್ಯಾಯಾಮ ಮಾಡಿದವರಲ್ಲಿ ಕೆಲವರಿಗೆ ಹೃದಯದ ಬಡಿತ ಲಯ ತಪ್ಪುವ ತೊಂದರೆ ಹೆಚ್ಚಾಗಿ ಕಾಣುವುದೆಂಬುದನ್ನೂ ಇಂದಿನ ವೈದ್ಯರು ಬಲ್ಲರು. ಆದುದರಿಂದ ಎದೆನೋವು, ತಲೆಸುತ್ತು, ಎಂದೂ ಇಲ್ಲದ ಉಬ್ಬಸ ಇವು ಕಂಡರೆ ಡಿಮಾರನ ಕಥೆಯನ್ನು ನೆನೆಯುತ್ತ ಓಡುವುದಲ್ಲ, ವೈದ್ಯರ ಬಾಗಿಲನ್ನು ತಟ್ಟುವುದೇ ಸರಿಯಾದ ಹಾದಿ.

ಡಿಮಾರನಿಂದ ದಿನಚರಿಯ ಪಾಠ ದೊರೆತರೆ, ವಿಶ್ರಾಂತಿಯ ಪಾಠ ದೊರೆಯುವುದು ನ್ಯೂಜಿಲೆಂಡಿನ ಜ್ಯಾಕ್ ಫಾಸ್ಟರನಿಂದ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ೧೯೩೨ರಲ್ಲಿ ಹುಟ್ಟಿದ ಈತನು ನ್ಯೂಜಿಲೆಂಡಿಗೆ ಹೋಗಿ ರೊಟೊರುವ ಎಂಬ ಊರಿನಲ್ಲಿ ನೆಲೆಸಿದನು. ಸೈಕಲ್ ಸವಾರಿಯ ಹುಚ್ಚಿದ್ದುದುಂಟು, ಓಟದ ಗಂಧವಿರಲಿಲ್ಲ. ವಯಸ್ಸು ಮೂವತ್ತೆರಡಾದಾಗ ಒಮ್ಮೆ ಸಂಸಾರಸಮೇತನಾಗಿ ವನಭೋಜನಕ್ಕೆ ಹೋಗಿದ್ದವನು, ಸ್ವಲ್ಪ ಓಡಿ ಬರುತ್ತೇನೆಂದು ಹೆಂಡತಿಗೆ ಹೇಳಿ ಹೊರಟನು. ಅರ್ಧ ಗಂಟೆಯಾದರೂ ಓಡಿದೆನೆಂದು ಭಾವಿಸಿ ಬೆವರಿ ಬಸವಳಿದು ಹಿಂದಿರುಗಿದರೆ, ಏನನ್ನಾದರೂ ಮರೆತು ಬಂದಿರಾ ಎಂದು ಆಕೆ ಕೇಳಿದಳು. ಹೋಗಿ ಬಂದುದು ಬರಿಯ ಏಳು ನಿಮಿಷ! ಆ ಏಳು ನಿಮಿಷದ ಅವಮಾನದಿಂದ ಆರಂಭವಾದ ಓಟ ಆತನನ್ನು ೧೯೭೨ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಎಂಟನೆಯ ಸ್ಥಾನಕ್ಕೆ ಕೊಂಡೊಯ್ದಿತು. ೧೯೭೪ರಲ್ಲಿ ಕ್ರೈಸ್ಟ್‌ಚರ್ಚ್‌ನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ, ೨ ಗಂಟೆ ೧೧ ನಿಮಿಷ ೧೮ ಸೆಕೆಂಡುಗಳಲ್ಲಿ ಮ್ಯಾರಥಾನ್ ಪೂರೈಸಿ ಬೆಳ್ಳಿಯ ಪದಕ ಪಡೆದನು. ನಲವತ್ತು ದಾಟಿದವರಲ್ಲಿ ಯಾರೂ ಅದನ್ನು ಹದಿನಾರು ವರ್ಷ ಮುರಿಯಲಾಗಲಿಲ್ಲ.

ಪಂದ್ಯದಲ್ಲಿ ಎಷ್ಟು ಮೈಲಿ ಓಡಿದೆಯೋ ಅಷ್ಟು ದಿನ ಬಿರುಸಿನ ಓಟಕ್ಕೆ ಮತ್ತೆ ಕೈಹಾಕಬೇಡ ಎಂಬುದು ಫಾಸ್ಟರನ ಹೆಸರಿನಲ್ಲಿ ಓಟಗಾರರ ನಡುವೆ ರೂಢಿಗೆ ಬಂದಿರುವ ನಿಯಮ. ಹತ್ತು ಕಿಲೋಮೀಟರಿನ ಓಟಕ್ಕೆ ಆರು ದಿನ. ಅರ್ಧ ಮ್ಯಾರಥಾನಿಗೆ ಎರಡು ವಾರ. ಮ್ಯಾರಥಾನಿಗೆ ಇಪ್ಪತ್ತಾರು ದಿನ. ಹಾಸಿಗೆಯಲ್ಲಿ ಮಲಗಿರಬೇಕೆಂದು ಇದರ ಅರ್ಥವಲ್ಲ. ನಡೆಯಬಹುದು, ಹಗುರಾಗಿ ಓಡಬಹುದು. ರಭಸ ಮಾತ್ರ ಕೂಡದು.

ಈ ನಿಯಮ ಶಾಸ್ತ್ರವಾಕ್ಯವಲ್ಲವಾದರೂ ಅನುಭವದಿಂದ ಹುಟ್ಟಿದ ವಿವೇಕ ಅದರಲ್ಲಿದೆ. ಓಟದ ದಣಿವೆಂಬುದು ಒಂದೇ ದಣಿವಲ್ಲ. ಗುರಿ ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಉಸಿರು ಆರುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟಿದ್ದ ಸಕ್ಕರೆಯ ದಾಸ್ತಾನು ಬರಿದಾಗಿರುವುದನ್ನು ಒಂದೆರಡು ದಿನಗಳ ಅನ್ನಾಹಾರ ಮತ್ತೆ ತುಂಬುತ್ತದೆ. ಆದರೆ ದೀರ್ಘ ಓಟದಲ್ಲಿ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಹರಿದಿರುತ್ತವೆ. ಅವು ಕೂಡಿಕೊಳ್ಳಲು ವಾರಗಳೇ ಬೇಕು. ಸ್ನಾಯುವನ್ನು ಎಲುಬಿಗೆ ಬಿಗಿದಿರುವ ರಜ್ಜುಗಳಿಗೆ ರಕ್ತದ ಪೂರೈಕೆ ಕಡಮೆ. ಅವು ಇನ್ನೂ ನಿಧಾನ. ವಯಸ್ಸು ಏರಿದಂತೆಲ್ಲ ತಿಂದ ಆಹಾರದ ಸಾರದಿಂದ ಸ್ನಾಯುವನ್ನು ಕಟ್ಟಿಕೊಳ್ಳುವ ಶಕ್ತಿ ಕುಂದುತ್ತದೆ, ನಿದ್ದೆಯೂ ತೆಳುವಾಗುತ್ತದೆ. ಹಿರಿಯ ಓಟಗಾರನು ಮೋಸಹೋಗುವುದು ಇಲ್ಲಿಯೇ. ಬುಧವಾರದ ಹೊತ್ತಿಗೆ ಉಸಿರು ಹಗುರ, ಮನಸ್ಸು ಉಲ್ಲಾಸ. 'ಆರಿತು' ಎಂದು ಆತನು ಹೊರಟುಬಿಡುತ್ತಾನೆ. ಹಿಮ್ಮಡಿಯ ರಜ್ಜು ಆರಿರುವುದಿಲ್ಲ. ಪಂಚೆಯ ಹಸಿ ಅಂಚು ತಿಳಿಯುವುದು ಮೂರನೆಯ ಮೈಲಿಯಲ್ಲಿ.

ದೇಹ ಮುನ್ಸೂಚನೆ ಕೊಡದಿರುವುದಿಲ್ಲ. ಬೆಳಗ್ಗೆ ಎದ್ದೊಡನೆ ನಾಡಿ ಎಂದಿಗಿಂತ ವೇಗವಾಗಿ ಮಿಡಿಯುವುದು, ದಣಿದಿದ್ದರೂ ನಿದ್ದೆ ಹತ್ತದಿರುವುದು, ಊಟ ರುಚಿಸದಿರುವುದು, ಸಣ್ಣ ಮಾತಿಗೂ ಮನೆಯವರ ಮೇಲೆ ಸಿಡುಕುವುದು ಇವೆಲ್ಲ ಒಂದೇ ಓಲೆಯ ಸಾಲುಗಳು. ಕೊನೆಯ ಸಾಲನ್ನು ಓಟಗಾರನಿಗಿಂತ ಆತನ ಹೆಂಡತಿ ಮೊದಲು ಓದಿರುತ್ತಾಳೆ. ಆಕೆಯ ಮಾತಿಗೆ ಕಿವಿಗೊಡುವವನಿಗೆ ನಾಡಿ ಎಣಿಸುವ ಯಂತ್ರ ಬೇಕಾಗುವುದು ಅಪರೂಪ.

ಮೂರನೆಯ ಮಾದರಿ ಕೆನಡಾ ದೇಶದ ಎಡ್ ವಿಟ್‌ಲಾಕ್. ೧೯೩೧ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಗಣಿಯ ಇಂಜಿನಿಯರಾಗಿ ಕೆನಡಾಕ್ಕೆ ಬಂದವರು. ಹುಡುಗತನದ ಓಟವನ್ನು ಉದ್ಯೋಗ ಸಂಸಾರಗಳ ನಡುವೆ ಮರೆತಿದ್ದು, ನಲವತ್ತರ ಹರೆಯದಲ್ಲಿ ಮತ್ತೆ ನೆನಪಿಸಿಕೊಂಡರು. ನಿವೃತ್ತರಾದ ಮೇಲೆ ಒಂಟಾರಿಯೋ ಪ್ರಾಂತದ ಮಿಲ್ಟನ್ ಎಂಬ ಊರಿನಲ್ಲಿ ತಮ್ಮ ಮನೆಯ ಹತ್ತಿರದ ಸ್ಮಶಾನವನ್ನೇ ಓಟದ ಮೈದಾನವನ್ನಾಗಿ ಮಾಡಿಕೊಂಡರು. ಸಮಾಧಿಗಳ ನಡುವಣ ಮರಗಳ ನೆರಳಿನ ಕಿರುಹಾದಿ. ಒಂದು ಸುತ್ತಿಗೆ ಸುಮಾರು ಅರ್ಧ ಕಿಲೋಮೀಟರು. ಅಲ್ಲಿ ಮೋಟಾರುಗಳ ಕಾಟವಿಲ್ಲ, ಗಾಳಿಯ ಹೊಡೆತ ಕಡಮೆ, ಕಾಲು ನೊಂದರೆ ಮನೆ ಹತ್ತಿರ. ದಿನಕ್ಕೆ ಎರಡು ಗಂಟೆ, ಮೂರು ಗಂಟೆ, ಸುತ್ತುಗಳನ್ನೆಣಿಸದೆ ಗಡಿಯಾರವನ್ನಷ್ಟೇ ನೋಡಿಕೊಂಡು, ಅತ್ಯಂತ ನಿಧಾನವಾಗಿ ಅವರು ಸುತ್ತುತ್ತಿದ್ದರು. ಅಭ್ಯಾಸದ ಓಟದಲ್ಲಿ ತಮಗೆ ವಿಶೇಷ ಆನಂದವೇನೂ ಇಲ್ಲವೆಂದೂ, ತಮಗೆ ಬೇಕಾದುದು ಪಂದ್ಯವೆಂದೂ ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಿದ್ದರು.

ಎಪ್ಪತ್ತು ದಾಟಿದವರು ಮೂರು ಗಂಟೆಯೊಳಗೆ ಮ್ಯಾರಥಾನ್ ಓಡಿದ್ದುದು ಅವರ ಹಿಂದೆ ಇರಲಿಲ್ಲ. ೨೦೦೩ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಅವರು ೨ ಗಂಟೆ ೫೯ ನಿಮಿಷ ೧೦ ಸೆಕೆಂಡುಗಳಲ್ಲಿ ಆ ಗೆರೆಯನ್ನು ದಾಟಿದರು. ಮರುವರ್ಷ ಟೊರಾಂಟೋ ನಗರದಲ್ಲಿ ೨ ಗಂಟೆ ೫೪ ನಿಮಿಷ ೪೮ ಸೆಕೆಂಡುಗಳಿಗೆ ಇಳಿಸಿದರು. ನಡುನಡುವೆ ಮೊಣಕಾಲು ಮುನಿದಾಗ ತಿಂಗಳುಗಟ್ಟಲೆ ಓಟವನ್ನೇ ನಿಲ್ಲಿಸಿದ್ದುಂಟು. ನಿಂತುದಕ್ಕೆ ಅವರು ನಾಚಲಿಲ್ಲ. ಮತ್ತೆ ಆರಂಭಿಸುವಾಗ ಆತುರವನ್ನೂ ತೋರಲಿಲ್ಲ. ೨೦೧೬ರ ಅಕ್ಟೋಬರಿನಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಅದೇ ಟೊರಾಂಟೋದಲ್ಲಿ ೩ ಗಂಟೆ ೫೬ ನಿಮಿಷ ೩೪ ಸೆಕೆಂಡುಗಳಲ್ಲಿ ಮ್ಯಾರಥಾನ್ ಪೂರೈಸಿದರು. ೨೦೧೭ರ ಮಾರ್ಚ್ ತಿಂಗಳಿನಲ್ಲಿ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಎರಡರ ನಡುವೆ ಕಳೆದುದು ಐದೇ ತಿಂಗಳು.

ಈ ಮೂವರ ಹಾದಿಯೂ ಒಂದೇ ಅಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಒಬ್ಬನು ಪದೇ ಪದೇ ಪಂದ್ಯಗಳಲ್ಲಿ ಓಡಿದನು. ಮತ್ತೊಬ್ಬನು ಪಂದ್ಯವಾದ ಮೇಲೆ ದಿನಗಳನ್ನೆಣಿಸಿದನು. ಮೂರನೆಯವರು ದಿನವೂ ಗಂಟೆಗಟ್ಟಲೆ ಸುತ್ತು ಹಾಕಿದರು. ಡಿಮಾರನ ಪಂದ್ಯಗಳನ್ನು ವಿಟ್‌ಲಾಕರ ಸುತ್ತುಗಳೊಡನೆ ಸೇರಿಸಿ ಹೊರಲು ಹೋದವನು ತಿಂಗಳೊಳಗೆ ಮೂಳೆವೈದ್ಯರ ಅತಿಥಿಯಾಗುತ್ತಾನೆ. ದಿನಕ್ಕೆ ಮೂರು ಗಂಟೆ ಓಡುವ ಸೌಭಾಗ್ಯ ನಿವೃತ್ತರಾಗಿದ್ದ ವಿಟ್‌ಲಾಕರಿಗೆ ಇದ್ದಿತು. ಐವರು ಮಕ್ಕಳ ತಂದೆಯಾಗಿ ಅಚ್ಚುಕೂಟದಲ್ಲಿ ದುಡಿಯುತ್ತಿದ್ದ ಡಿಮಾರನಿಗೆ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಮ್ಮ ಹಿರಿಯರ ಮಾತು ಓಟದ ಕಾಲಿಗೂ ಸಲ್ಲುತ್ತದೆ. ಮೂವರಲ್ಲಿಯೂ ಸಮಾನವಾಗಿ ಕಾಣುವ ಗುಣವೊಂದೇ. ದಿನದಿನದ ಓಟವನ್ನು ಹಗುರವಾಗಿಟ್ಟುಕೊಂಡು, ರಭಸವನ್ನು ಅಪರೂಪದ ಒಡವೆಯಂತೆ ಹಬ್ಬದ ದಿನಕ್ಕೆಂದು ಕಾಯ್ದಿರಿಸಿದರು.

ಪದೇ ಪದೇ ಓಡುವ ಆಸೆಯಿದ್ದವರು ಪಂದ್ಯಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾಗಿಲ್ಲ. ವರ್ಷಕ್ಕೆ ಒಂದೋ ಎರಡೋ ಪಂದ್ಯಗಳಲ್ಲಿ ಸರ್ವಶಕ್ತಿಯನ್ನೂ ಸುರಿಯಲಿ. ಉಳಿದುವುಗಳಲ್ಲಿ ಗೆಳೆಯರೊಡನೆ ಮಾತನಾಡುತ್ತ ಓಡಿ, ಉಪಾಹಾರ ಮುಗಿಸಿ ಮನೆಗೆ ಬರಲಿ. ವರ್ಷದ ಆರಂಭದಲ್ಲಿ ಪಂಚಾಂಗವನ್ನು ತೆರೆದು ಹಬ್ಬ, ಮದುವೆ, ಮಕ್ಕಳ ಪರೀಕ್ಷೆಗಳನ್ನು ಮೊದಲು ಗುರುತು ಹಾಕಿ, ಉಳಿದ ಭಾನುವಾರಗಳಲ್ಲಿ ಪಂದ್ಯಗಳನ್ನು ಆರಿಸಿಕೊಳ್ಳಲಿ. ಇದನ್ನು ತಿರುವುಮುರುವು ಮಾಡುವ ಮನೆಯಲ್ಲಿ ಪದಕಗಳಿರಬಹುದು, ನೆಮ್ಮದಿಯಿರದು. ಹಾಗೆಯೇ ಒಂದು ರಾತ್ರಿ ನಿದ್ದೆಗೆಟ್ಟವನು ಮರುದಿನದ ಓಟವನ್ನು ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಹಟದಿಂದ ಓಡಿದರೆ ಕಳೆದುಕೊಳ್ಳಬಹುದಾದುದು ಬಹಳವಿದೆ.

ಮಾತಿಗೆ ಇನ್ನೊಂದು ಮಗ್ಗುಲೂ ಉಂಟು. ದಣಿವಾರಲೆಂದು ಕುಳಿತವನು ಕುಳಿತೇಬಿಡುವುದೂ ಉಂಟು. ಅರವತ್ತರ ಮೇಲೆ ತಿಂಗಳಾನುಗಟ್ಟಲೆ ಸುಮ್ಮನಿದ್ದರೆ ಕರಗಿದ ಸ್ನಾಯುವನ್ನು ಮರಳಿ ಪಡೆಯುವುದು ಬಹು ಕಷ್ಟ. ಹಾಲು ಆರುವುದು ಒಂದು, ದೀಪ ಆರುವುದು ಮತ್ತೊಂದು. ಎರಡಕ್ಕೂ ಭಾಷೆ ಒಂದೇ ಮಾತನ್ನು ಕೊಟ್ಟಿದ್ದರೂ, ಎರಡರ ನಡುವಣ ಅಂತರವನ್ನು ಅರಿಯುವ ಹೊಣೆಯನ್ನು ಮನುಷ್ಯನಿಗೇ ಬಿಟ್ಟಿದೆ. ಓಡಲಾಗದ ದಿನ ನಡೆಯಬಹುದು. ನಡೆಯಲಾಗದ ದಿನ ಮನೆಯಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಬಹುದು. ಬತ್ತಿಯನ್ನು ತಗ್ಗಿಸಿದರೂ ದೀಪ ಉರಿಯುತ್ತಿರಬೇಕು.

ಭಾನುವಾರದ ಓಟ ಚೆನ್ನಾಗಿತ್ತೇ ಎಂಬುದನ್ನು ಗುರಿಯ ಬಳಿಯ ಗಡಿಯಾರ ಅರ್ಧಮಾತ್ರ ಹೇಳಬಲ್ಲುದು. ಉಳಿದರ್ಧವನ್ನು ಹೇಳುವುದು ಸೋಮವಾರದ ಬೆಳಗು. ಅಂದು ಓಟಗಾರನು ಮೆಟ್ಟಿಲನ್ನು ನೋವಿಲ್ಲದೆ ಇಳಿದು, ತಾಯಿಗೆ ಔಷಧ ಕೊಟ್ಟು, ಮಗಳ ಪಾಠಕ್ಕೆ ಕಿವಿಗೊಟ್ಟು, ಮೊದಲಿನ ಉತ್ಸಾಹದಿಂದಲೇ ಕೆಲಸಕ್ಕೆ ಹೊರಟರೆ, ಆ ಓಟ ಎಷ್ಟನೆಯ ಸ್ಥಾನದಲ್ಲಿ ಮುಗಿದಿದ್ದರೂ ಚೆನ್ನಾಗಿ ಮುಗಿದಿದೆ. ಏಳು ಬಾರಿ ಗೆದ್ದ ಡಿಮಾರನೂ ಪಂದ್ಯ ಮುಗಿದ ಮೇಲೆ ಮರಳಿ ಹೋಗಿ ನಿಂತುದು ಅಚ್ಚುಮೊಳೆಯ ಪೆಟ್ಟಿಗೆಯ ಮುಂದೆಯೇ.